ಅಳಿಸಿದ ಹೆಸರುಗಳಿಗೊಂದು ಗೋಡೆ

ಆರ್ಡ್ ವಿಂಗೇಟ್ ಎಂಬ ಬ್ರಿಟಿಷ್ ಸೇನಾಧಿಕಾರಿ ಹುಟ್ಟಿದ್ದು 1903ರಲ್ಲಿ, ನೈನಿತಾಲ್‌ನಲ್ಲಿ. ಸತ್ತದ್ದು 1944ರ ಮಾರ್ಚ್‌ನಲ್ಲಿ, ಮಣಿಪುರದ ಬೆಟ್ಟಗಳಲ್ಲಿ ವಿಮಾನ ಬಿದ್ದು. ಬರ್ಮಾದ ಕಾಡಿನಲ್ಲಿ ಜಪಾನಿ ಸೇನೆಯ ಬೆನ್ನಿಗೆ ನುಗ್ಗಿ ಕಾದಾಡಿದ ಚಿಂಡಿಟ್ ಪಡೆಯನ್ನು ಕಟ್ಟಿದವನು ಅವನೇ. ಭಾರತದಲ್ಲಿ ಹುಟ್ಟಿ ಭಾರತದಲ್ಲೇ ಸತ್ತ ಈ ಕ್ರೈಸ್ತನ ಹೆಸರು ಇವತ್ತು ದೊಡ್ಡ ಅಕ್ಷರದಲ್ಲಿ ಕಾಣುವುದು ಮಾತ್ರ ಇಸ್ರೇಲಿನ ಕಡಲ ದಂಡೆಯಲ್ಲಿ, ನೆತಾನ್ಯ ಪಟ್ಟಣದ ಹತ್ತಿರ. 1930ರ ದಶಕದಲ್ಲಿ ಪ್ಯಾಲೆಸ್ಟೀನ್‌ನಲ್ಲಿದ್ದಾಗ ಆತ ಅಲ್ಲಿನ ಯಹೂದಿ ಯುವಕರಿಗೆ ರಾತ್ರಿ ದಾಳಿಯ ಯುದ್ಧ ಕಲಿಸಿದ್ದ. ಆ ಋಣಕ್ಕೆ, 1957ರಲ್ಲಿ ಶುರುವಾದ ಕ್ರೀಡಾ ಶಿಕ್ಷಣ ಸಂಸ್ಥೆಗೆ ವಿಂಗೇಟ್ ಇನ್‌ಸ್ಟಿಟ್ಯೂಟ್ ಎಂದೇ ಹೆಸರಿಟ್ಟರು.

ಆ ಕರಾವಳಿ ನಮ್ಮವರಿಗೂ ತೀರಾ ಹೊಸದಲ್ಲ. ನೆತಾನ್ಯದಿಂದ ಉತ್ತರಕ್ಕೆ ಹೋದರೆ ಹೈಫಾ ಸಿಗುತ್ತದೆ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ತುರ್ಕಿ ಸೇನೆಯ ಕೈಯಿಂದ ಬಿಡಿಸಿಕೊಂಡದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು. ಮೈಸೂರು ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದರ ಪಕ್ಕದಲ್ಲಿ ಹಾದುಹೋಗುವವರೆಲ್ಲ ನಿಂತು ಓದುತ್ತಾರೆ ಎಂದೇನಿಲ್ಲ.

ನಾನು ಹೇಳಹೊರಟದ್ದು ವಿಂಗೇಟ್ ಸಂಸ್ಥೆಯ ಆವರಣದಲ್ಲಿರುವ ಒಂದು ವಸ್ತುಸಂಗ್ರಹಾಲಯದ ಬಗ್ಗೆ. ಅಂತರರಾಷ್ಟ್ರೀಯ ಯಹೂದಿ ಕ್ರೀಡಾ ಹಾಲ್ ಆಫ್ ಫೇಮ್ ಎಂದು ಅದರ ಹೆಸರು. ಜೋಸೆಫ್ ಸೀಗ್‌ಮನ್ ಎಂಬ ಅಮೆರಿಕದ ಟೆಲಿವಿಷನ್ ನಿರ್ಮಾಪಕ 1979ರಲ್ಲಿ ಅದನ್ನು ಹುಟ್ಟುಹಾಕಿದರು. ಕಟ್ಟಡದ ಬಾಗಿಲು ತೆರೆದದ್ದು 1981ರಲ್ಲಿ. ಯಾವ ದೇಶದ ಪರವಾಗಿ ಆಡಿದ್ದರೂ ಸರಿ, ಆಟದಲ್ಲಿ ಹೆಸರು ಮಾಡಿದ ಯಹೂದಿಯಾಗಿದ್ದರೆ ಆಯ್ಕೆಗೆ ಅರ್ಹ. ಹಾಗೆ ಸೇರಿದವರ ಸಂಖ್ಯೆ ಈಗ 400ರ ಆಸುಪಾಸಿನಲ್ಲಿದೆ: ಓಟಗಾರರು, ಈಜುಗಾರರು, ಬಾಕ್ಸರ್‌ಗಳು, ಕತ್ತಿವರಸೆಯವರು, ಕೋಚ್‌ಗಳು, ಕ್ರೀಡಾ ಪತ್ರಕರ್ತರು. ಇದೊಂದೇ ಅಲ್ಲ, ಇಸ್ರೇಲಿನ ರಾಮತ್ ಗಾನ್‌ನಲ್ಲಿ ಮಕಾಬಿ ಕ್ರೀಡಾ ಸಂಘದ ಮ್ಯೂಸಿಯಂ ಇದೆ, ನ್ಯೂಯಾರ್ಕ್ ಬಳಿ ಅಮೆರಿಕದ ಯಹೂದಿ ಆಟಗಾರರಿಗೇ ಮೀಸಲಾದ ಇನ್ನೊಂದು ಹಾಲ್ ಆಫ್ ಫೇಮ್ ಇದೆ.

ಒಂದು ಸಮುದಾಯದ ಆಟಗಾರರಿಗೆ ಪ್ರತ್ಯೇಕ ಮ್ಯೂಸಿಯಂ ಯಾಕೆ ಬೇಕು? ನಮ್ಮ ಕಡೆ ಜಾತಿಗೊಂದು ಹಾಸ್ಟೆಲ್, ಜಾತಿಗೊಂದು ಕಲ್ಯಾಣ ಮಂಟಪ, ಜಾತಿಗೊಂದು ಪ್ರತಿಭಾ ಪುರಸ್ಕಾರ ನೋಡಿ ನೋಡಿ ಬೇಸತ್ತವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನೂ ಕೇಳಿಕೊಂಡೆ. ಉತ್ತರ ಇರುವುದು ಪದಕಗಳ ಲೆಕ್ಕದಲ್ಲಲ್ಲ, ಯುರೋಪಿನಲ್ಲಿ ನೂರಾರು ವರ್ಷ ಚಾಲ್ತಿಯಲ್ಲಿದ್ದ ಒಂದು ಸುಳ್ಳಿನಲ್ಲಿ.

ಯಹೂದಿ ಎಂದರೆ ಓದುವವನು, ಲೆಕ್ಕ ಬರೆಯುವವನು, ಬಡ್ಡಿ ವ್ಯವಹಾರದವನು. ಮೈಯಲ್ಲಿ ಕಸುವಿಲ್ಲದವನು, ಓಡಲಾರದವನು, ಸೈನ್ಯಕ್ಕೆ ಒದಗದವನು. ಆ ಸುಳ್ಳು ಇದು. ಎಷ್ಟೋ ಊರುಗಳಲ್ಲಿ ಅವರು ಹೊಲ ಹಿಡಿಯುವಂತಿರಲಿಲ್ಲ, ಗೋಡೆ ಹಾಕಿದ ಕೇರಿಯ ಆಚೆ ವಾಸ ಮಾಡುವಂತಿರಲಿಲ್ಲ. ಅಂಥ ಕಟ್ಟಳೆ ಹಾಕಿದವರೇ ಆಮೇಲೆ ಇವರ ಮೈಕಟ್ಟು ನೋಡಿ ನಕ್ಕರು. ಈ ಅಪವಾದದ ಭಾರ ಎಷ್ಟಿತ್ತೆಂದರೆ, 1898ರಲ್ಲಿ ಬಾಸೆಲ್‌ನಲ್ಲಿ ನಡೆದ ಎರಡನೇ ಜಿಯೋನಿಸ್ಟ್ ಸಮ್ಮೇಳನದಲ್ಲಿ ಮ್ಯಾಕ್ಸ್ ನಾರ್ಡೌ ಎಂಬ ವೈದ್ಯ ಯಹೂದಿಗಳು ಮೈ ಬೆಳೆಸಬೇಕು ಎಂದು ಕರೆ ಕೊಟ್ಟ. ಅದಾದ ಮೇಲೆ ಬರ್ಲಿನ್, ವಿಯೆನ್ನಾ, ವಾರ್ಸಾಗಳಲ್ಲಿ ವ್ಯಾಯಾಮ ಸಂಘಗಳು ಸಾಲುಸಾಲಾಗಿ ಎದ್ದವು. ಬೇರೆ ಕ್ಲಬ್‌ಗಳು ಬಾಗಿಲು ಹಾಕಿದ್ದರಿಂದಲೇ ಎಷ್ಟೋ ಕಡೆ ಸ್ವಂತ ಕ್ಲಬ್ ಕಟ್ಟಬೇಕಾಯಿತು. 1909ರಲ್ಲಿ ಶುರುವಾದ ವಿಯೆನ್ನಾದ ಹಕೋವಾ ಕ್ಲಬ್ 1925ರಲ್ಲಿ ಆಸ್ಟ್ರಿಯಾದ ಫುಟ್‌ಬಾಲ್ ಲೀಗ್ ಗೆದ್ದಿತು. 1938ರಲ್ಲಿ ನಾಜಿಗಳು ಬಂದು ಬೀಗ ಜಡಿದರು.

ಸುಳ್ಳು ಸುಳ್ಳೇ ಎಂಬುದಕ್ಕೆ ಸಾಕ್ಷಿ ನಾರ್ಡೌ ಕರೆಗೂ ನೂರು ವರ್ಷ ಮೊದಲೇ ಇತ್ತು. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಡೇನಿಯಲ್ ಮೆಂಡೋಜಾ ಬರಿಗೈ ಬಾಕ್ಸಿಂಗ್‌ನಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ. ಎತ್ತರ ಐದೂಮುಕ್ಕಾಲು ಅಡಿಗೂ ಕಡಿಮೆ. ಎದುರಾಳಿಗಳು ಅವನಿಗಿಂತ ಒಂದು ತಲೆ ಎತ್ತರ, ಹತ್ತಾರು ಕಿಲೋ ಹೆಚ್ಚು ಭಾರ. ಆ ಕಾಲದ ಬಾಕ್ಸಿಂಗ್ ಎಂದರೆ ಎದುರು ಬದುರು ನಿಂತು ಒಬ್ಬರು ಬೀಳುವವರೆಗೆ ಗುದ್ದುವುದು. ಮೆಂಡೋಜಾ ಪಕ್ಕಕ್ಕೆ ಸರಿದ, ತಪ್ಪಿಸಿಕೊಂಡ, ಕೈ ಅಡ್ಡ ಹಿಡಿದ, ಸಮಯ ನೋಡಿ ಹೊಡೆದ. ಇದು ಗಂಡಸುತನವಲ್ಲ ಎಂದು ಮೊದಮೊದಲು ಬೈದವರಿದ್ದರು. ಇವತ್ತು ಬಾಕ್ಸಿಂಗ್ ಕಲಿಸುವವರು ಮೊದಲ ದಿನ ಹೇಳಿಕೊಡುವುದೇ ಅದನ್ನು.

ಇಂಥ ಗೆಲುವಿನ ಕಥೆಗಳಷ್ಟೇ ಇದ್ದಿದ್ದರೆ ಆ ಮ್ಯೂಸಿಯಂ ಬಗ್ಗೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಟ್ಟಿಯ ಇನ್ನೊಂದು ಬಗೆಯ ಹೆಸರುಗಳು.

1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯಿತು. ಹಂಗೇರಿಯ 18 ವರ್ಷದ ಹುಡುಗ ಆಲ್ಫ್ರೆಡ್ ಹಾಯೋಷ್ ಸಮುದ್ರದ ಕೊರೆಯುವ ನೀರಿಗೆ ಮೈಗೆಲ್ಲ ಕೊಬ್ಬು ಸವರಿಕೊಂಡು ಇಳಿದು ಎರಡು ಈಜು ಸ್ಪರ್ಧೆ ಗೆದ್ದ; ತನ್ನ ದೇಶಕ್ಕೆ ಮೊದಲ ಒಲಿಂಪಿಕ್ ಚಾಂಪಿಯನ್ ಆದ. ಅವನಿಗೆ 13 ವರ್ಷವಾಗಿದ್ದಾಗ ತಂದೆ ಡಾನ್ಯೂಬ್ ನದಿಯಲ್ಲಿ ಮುಳುಗಿ ಸತ್ತಿದ್ದರು, ಈಜು ಕಲಿಯಲೇಬೇಕೆಂದು ಹಟ ಹುಟ್ಟಿದ್ದು ಆಗ. ಅದೇ ಅಥೆನ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟಿಕ್ಸ್ ತಂಡದಲ್ಲಿ ದಾಯಾದಿಗಳಿಬ್ಬರಿದ್ದರು: ಆಲ್ಫ್ರೆಡ್ ಫ್ಲಾಟೋ, ಗುಸ್ಟಾವ್ ಫ್ಲಾಟೋ. ಆಲ್ಫ್ರೆಡ್ ಮೂರು ಸ್ಪರ್ಧೆ ಗೆದ್ದ, ಗುಸ್ಟಾವ್ ಎರಡು. ಅವರು ಗೆದ್ದದ್ದು ಜರ್ಮನಿಗಾಗಿ. 46 ವರ್ಷ ಕಳೆದ ಮೇಲೆ ಅದೇ ಜರ್ಮನಿ ಆ ಮುದುಕ ಆಲ್ಫ್ರೆಡ್‌ನನ್ನು ಯಹೂದಿ ಎಂಬ ಕಾರಣಕ್ಕೆ ಟೆರೇಜಿನ್‌ಷ್ಟಾಟ್ ಶಿಬಿರಕ್ಕೆ ಸಾಗಿಸಿತು. 1942ರ ಡಿಸೆಂಬರ್‌ನಲ್ಲಿ ಆತ ಅಲ್ಲೇ ಸತ್ತ. ಗುಸ್ಟಾವ್ ಕೂಡ 1945ರ ಜನವರಿಯಲ್ಲಿ ಅದೇ ಶಿಬಿರದಲ್ಲಿ ಹಸಿವಿನಿಂದ ಸತ್ತ. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಮೂರು ತಿಂಗಳು ಚಿಲ್ಲರೆ ಇತ್ತು. ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದ ಹತ್ತಿರದ ರಸ್ತೆಗೆ ಫ್ಲಾಟೋ ಹೆಸರು ಬಂದದ್ದು 1997ರಲ್ಲಿ.

ಇನ್ನು ಗ್ರೆಟೆಲ್ ಬೆರ್ಗ್‌ಮನ್. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಯಹೂದಿಗಳನ್ನೂ ಆಡಿಸುತ್ತೇವೆ ಎಂದು ಜಗತ್ತಿಗೆ ತೋರಿಸಿಕೊಳ್ಳುವುದು ಹಿಟ್ಲರ್ ಸರ್ಕಾರಕ್ಕೆ ಬೇಕಿತ್ತು. ಅಮೆರಿಕ ಬಹಿಷ್ಕಾರದ ಮಾತಾಡುತ್ತಿತ್ತು. ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದ ಎತ್ತರ ಜಿಗಿತದ ಹುಡುಗಿ ಗ್ರೆಟೆಲ್‌ಳನ್ನು, ಮನೆಯವರಿಗೆ ತೊಂದರೆಯಾದೀತು ಎಂಬ ಬೆದರಿಕೆಯೊಂದಿಗೆ ವಾಪಸು ಕರೆಸಿದರು. ಒಲಿಂಪಿಕ್ಸ್‌ಗೆ ಒಂದು ತಿಂಗಳ ಮೊದಲು ಸ್ಟುಟ್‌ಗಾರ್ಟ್‌ನಲ್ಲಿ ಅವಳು 1.60 ಮೀಟರ್ ಜಿಗಿದು ಜರ್ಮನಿಯ ದಾಖಲೆ ಸರಿಗಟ್ಟಿದಳು. ಅಮೆರಿಕದ ತಂಡ ಹಡಗು ಹತ್ತಿತು. ಇನ್ನು ಬಹಿಷ್ಕಾರದ ಭಯವಿಲ್ಲ ಎಂದು ಖಾತ್ರಿಯಾದ ಕೂಡಲೇ, ನಿನ್ನ ಆಟ ಸಾಲದು, ತಂಡದಲ್ಲಿ ನೀನಿಲ್ಲ ಎಂದು ಅವಳಿಗೊಂದು ಕಾಗದ ಹೋಯಿತು. ದಾಖಲೆ ಪುಸ್ತಕದಿಂದ ಆ 1.60 ಮೀಟರನ್ನೂ ತೆಗೆದುಹಾಕಿದರು. ಅವಳು ಅಮೆರಿಕ ಸೇರಿದಳು. ಜರ್ಮನಿಯ ಅಥ್ಲೆಟಿಕ್ಸ್ ಸಂಸ್ಥೆ ಆ ದಾಖಲೆಯನ್ನು ಮತ್ತೆ ಸೇರಿಸಿದ್ದು 2009ರಲ್ಲಿ. ಅಂದರೆ 73 ವರ್ಷಗಳ ನಂತರ. ಅದನ್ನು ನೋಡಲು ಆಕೆ ಬದುಕಿದ್ದರು. 2017ರಲ್ಲಿ ತೀರಿಕೊಂಡಾಗ ಅವರಿಗೆ 103.

ಜಿಗಿದದ್ದು ನಿಜ, ಅಳತೆ ಮಾಡಿದ್ದು ನಿಜ, ನೋಡಿದವರಿದ್ದರು. ಆದರೂ ಪುಸ್ತಕ ಇಟ್ಟುಕೊಂಡವರು ಒಂದು ಗೆರೆ ಎಳೆದರೆ ಆಗಿದ್ದು ಆಗಲೇ ಇಲ್ಲ ಎಂದಾಗುತ್ತದೆ. ಇಂಥ ಅನುಭವ ಆದ ಜನ ತಮ್ಮದೇ ಇನ್ನೊಂದು ಪುಸ್ತಕ ತೆರೆದರೆ ಅದನ್ನು ಬರೀ ಜಾತಿ ಅಭಿಮಾನ ಎಂದು ತಳ್ಳಿಹಾಕುವುದು ನನಗೆ ಕಷ್ಟ.

ಹಾಗೆಂದು ಎಲ್ಲವೂ ಸಲೀಸಲ್ಲ. ಅದೇ ಬರ್ಲಿನ್‌ನಲ್ಲಿ ಹೆಲೆನ್ ಮೇಯರ್ ಎಂಬ ಕತ್ತಿವರಸೆಗಾರ್ತಿ ಜರ್ಮನಿಗಾಗಿ ಆಡಿ ಬೆಳ್ಳಿ ಗೆದ್ದಳು, ಪದಕದ ವೇದಿಕೆಯ ಮೇಲೆ ನಾಜಿ ವಂದನೆಯನ್ನೂ ಮಾಡಿದಳು. ಅವಳ ತಂದೆ ಯಹೂದಿ. ಅವಳನ್ನು ಸೋಲಿಸಿ ಚಿನ್ನ ಗೆದ್ದ ಹಂಗೇರಿಯ ಇಲೋನಾ ಎಲೆಕ್, ಕಂಚು ಗೆದ್ದ ಆಸ್ಟ್ರಿಯಾದ ಎಲೆನ್ ಪ್ರೈಸ್ ಇಬ್ಬರೂ ಯಹೂದಿ ಮೂಲದವರೇ. ಹಿಟ್ಲರನ ಕಣ್ಣೆದುರು ಮೂರೂ ಪದಕ ಅವರಿಗೇ ಹೋದವು ಎಂದು ಸಂತೋಷಪಡುವವರು ನಡುವಿನ ಆ ವಂದನೆಯನ್ನು ಏನು ಮಾಡುತ್ತಾರೆ? ರಕ್ತ ಲೆಕ್ಕ ಹಾಕಿ ಪಟ್ಟಿ ಮಾಡುವಾಗಿನ ತೊಡಕು ಇದು. ಹಾಗೆ ಲೆಕ್ಕ ಹಾಕುವುದನ್ನು ನಾಜಿಗಳೂ ಮಾಡಿದರು ಎಂಬ ಕಸಿವಿಸಿ ಬೇರೆ.

ಆ ಪಟ್ಟಿಯಲ್ಲಿ ನನಗೆ ಅತಿ ಹತ್ತಿರವೆನಿಸಿದವರು ಆಗ್ನೆಸ್ ಕೆಲೆಟಿ. 1921ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಜಿಮ್ನಾಸ್ಟ್. ಯಹೂದಿ ಎಂದು ಕ್ಲಬ್‌ನಿಂದ ಹೊರಹಾಕಿದರು. ಯುದ್ಧಕಾಲದಲ್ಲಿ ಒಬ್ಬ ಕ್ರೈಸ್ತ ಹುಡುಗಿಯ ಗುರುತಿನ ಕಾಗದ ಕೊಂಡುಕೊಂಡು, ಹಳ್ಳಿಯೊಂದರಲ್ಲಿ ಮನೆಗೆಲಸದವಳಾಗಿ ಉಳಿದುಕೊಂಡರು. ತಂದೆ ಆಷ್‌ವಿಟ್ಸ್ ಶಿಬಿರದಲ್ಲಿ ಸತ್ತರು. ಮತ್ತೆ ಅಭ್ಯಾಸ ಶುರುಮಾಡಿ ಸಿದ್ಧರಾದಾಗ 1948ರ ಲಂಡನ್ ಒಲಿಂಪಿಕ್ಸ್ ಗಾಯದಿಂದ ತಪ್ಪಿತು. ಮೊದಲ ಸಲ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು 1952ರಲ್ಲಿ ಹೆಲ್ಸಿಂಕಿಯಲ್ಲಿ, 31ನೇ ವಯಸ್ಸಿನಲ್ಲಿ. ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಅಜ್ಜಿಯಾಗುವ ವಯಸ್ಸು. ಒಂದು ಚಿನ್ನ ಬಂತು. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ನಲ್ಲಿ, 35ನೇ ವಯಸ್ಸಿನಲ್ಲಿ, ನಾಲ್ಕು ಚಿನ್ನ. ಒಟ್ಟು ಹತ್ತು ಒಲಿಂಪಿಕ್ ಪದಕ. ಆ ಹೊತ್ತಿಗೆ ಹಂಗೇರಿಯಲ್ಲಿ ದಂಗೆ ಎದ್ದು ಸೋವಿಯತ್ ಟ್ಯಾಂಕುಗಳು ನುಗ್ಗಿದ್ದವು. ಆಕೆ ಊರಿಗೆ ಮರಳಲಿಲ್ಲ. 1957ರಲ್ಲಿ ಇಸ್ರೇಲಿಗೆ ಬಂದು, ಇದೇ ವಿಂಗೇಟ್ ಸಂಸ್ಥೆಯಲ್ಲಿ ದಶಕಗಳ ಕಾಲ ಜಿಮ್ನಾಸ್ಟಿಕ್ಸ್ ಕಲಿಸಿದರು. 2025ರ ಜನವರಿ 2ರಂದು ತೀರಿಕೊಂಡಾಗ ಅವರಿಗೆ 104 ತುಂಬಲು ಒಂದು ವಾರ ಬಾಕಿ.

ಮ್ಯೂನಿಕ್ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. 1972ರ ಸೆಪ್ಟೆಂಬರ್ 4ರ ಸಂಜೆ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ತನ್ನ ಏಳನೇ ಚಿನ್ನ ಗೆದ್ದ. ಏಳಕ್ಕೆ ಏಳೂ ವಿಶ್ವದಾಖಲೆ. ಮರುದಿನ ಬೆಳಗಿನ ಜಾವ ಬ್ಲ್ಯಾಕ್ ಸೆಪ್ಟೆಂಬರ್ ಎಂಬ ಪ್ಯಾಲೆಸ್ಟೀನಿ ಗುಂಪು ಕ್ರೀಡಾ ಗ್ರಾಮಕ್ಕೆ ನುಗ್ಗಿತು. ಇಸ್ರೇಲಿನ 11 ಮಂದಿ ಆಟಗಾರರು, ಕೋಚ್‌ಗಳು, ತೀರ್ಪುಗಾರರು ಹತರಾದರು. ಯಹೂದಿಯಾದ ಸ್ಪಿಟ್ಜ್‌ನನ್ನು ಕಾವಲಿನಲ್ಲಿ ಜರ್ಮನಿಯಿಂದ ಸಾಗಹಾಕಿದರು. ಆ ದಿನಗಳಲ್ಲಿ ಭಾರತದ ಹಾಕಿ ತಂಡವೂ ಮ್ಯೂನಿಕ್‌ನಲ್ಲಿತ್ತು. ಅದರಲ್ಲಿ ಕೊಡಗಿನವರು ಇಬ್ಬರು, ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. ಕ್ರೀಡಾಕೂಟ ಒಂದು ದಿನ ನಿಂತು ಮತ್ತೆ ನಡೆಯಿತು, ಅವರ ತಂಡ ಕಂಚು ತಂದಿತು.

ಇಲ್ಲೊಂದು ಮಾತು ಹೇಳದಿದ್ದರೆ ಈ ಬರಹ ಒಕ್ಕಣ್ಣಿನದಾಗುತ್ತದೆ. 2025ರ ಆಗಸ್ಟ್‌ನಲ್ಲಿ ಗಾಜಾದಲ್ಲಿ ಸುಲೈಮಾನ್ ಅಲ್-ಒಬೈದ್ ಕೊಲ್ಲಲ್ಪಟ್ಟರು. ಪ್ಯಾಲೆಸ್ಟೀನ್ ರಾಷ್ಟ್ರೀಯ ತಂಡಕ್ಕೆ ಆಡಿದ್ದ ಫುಟ್‌ಬಾಲ್ ಆಟಗಾರ. ನೆರವಿನ ಆಹಾರಕ್ಕಾಗಿ ಕಾಯುತ್ತಿದ್ದಾಗ ಇಸ್ರೇಲಿ ದಾಳಿಯಲ್ಲಿ ಸತ್ತರು ಎಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಹೇಳಿತು. ಆ ಹೆಸರಿಗೂ ಒಂದು ಗೋಡೆ ಬೇಕಾಗುತ್ತದೆ. ಅದನ್ನು ಕಟ್ಟುವವರು ಯಾರು ಎಂದು ಕೇಳಿದರೆ ನೆತಾನ್ಯದ ಮ್ಯೂಸಿಯಂನ ಮಹತ್ವ ಕಡಿಮೆಯಾಗುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಸಮುದಾಯದ ಹೆಸರಿನಲ್ಲಿ ಆಟ ಎಂಬುದು ಭಾರತಕ್ಕೆ ಹೊಸದಲ್ಲ. ಮುಂಬೈಯಲ್ಲಿ ದಶಕಗಳ ಕಾಲ ಅತಿ ದೊಡ್ಡ ಕ್ರಿಕೆಟ್ ಪಂದ್ಯಾವಳಿ ನಡೆದದ್ದೇ ಧರ್ಮದ ಲೆಕ್ಕದಲ್ಲಿ. ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು, 1907ರಲ್ಲಿ ಹಿಂದೂಗಳು ಸೇರಿದರು, 1912ರಲ್ಲಿ ಮುಸ್ಲಿಮರು. 1937ರಲ್ಲಿ ಐದನೆಯದಾಗಿ ‘ರೆಸ್ಟ್’ ಎಂಬ ತಂಡ ಬಂತು, ಅಂದರೆ ಉಳಿದವರು. ಭಾರತೀಯ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಯಹೂದಿಗಳು ಎಲ್ಲ ಅದರೊಳಗೆ. ಕ್ರೈಸ್ತರಾದ ವಿಜಯ್ ಹಜಾರೆ ಆ ಉಳಿದವರ ತಂಡಕ್ಕೆ ಆಡಿ, ತಂಡದ 387 ರನ್‌ಗಳಲ್ಲಿ ಒಬ್ಬರೇ 309 ಹೊಡೆದದ್ದು ಇದೇ ಪಂದ್ಯಾವಳಿಯಲ್ಲಿ. ಆಟದಲ್ಲಿ ಧರ್ಮ ಬೇಡ ಎಂದು ಗಾಂಧೀಜಿ 1940ರಲ್ಲಿ ಹೇಳಿದರು. ಪಂದ್ಯಾವಳಿ 1946ರಲ್ಲಿ ನಿಂತುಹೋಯಿತು. ನಿಂತದ್ದೇ ಒಳ್ಳೆಯದಾಯಿತು ಎನ್ನುವವರಲ್ಲಿ ನಾನೂ ಒಬ್ಬ.

ಭಾರತದ ಯಹೂದಿಗಳಲ್ಲಿ ದೊಡ್ಡ ಗುಂಪು ಕೊಂಕಣದ ಬೆನೆ ಇಸ್ರೇಲಿಗಳದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಘಾಟು ಕುಡಿದು ಬೆಳೆದವರಿಗೆ ಇದು ಇಷ್ಟವಾಗುವ ಸಂಗತಿ: ಅವರ ಹಳೆಯ ಕಸುಬು ಗಾಣ. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಅಕ್ಕಪಕ್ಕದವರು ಅವರನ್ನು ಶನಿವಾರದ ತೇಲಿಗಳು ಎಂದು ಕರೆಯುತ್ತಿದ್ದರು. ಆ ಸಮುದಾಯದ ಜೂಡಾ ರೂಬೆನ್ 1969ರಿಂದ 1977ರವರೆಗೆ 10 ಟೆಸ್ಟ್ ಪಂದ್ಯಗಳಿಗೆ ಅಂಪೈರ್ ಆಗಿದ್ದರು. ಇಸ್ರೇಲಿಗೆ ವಲಸೆ ಹೋದ ಬೆನೆ ಇಸ್ರೇಲಿಗಳು ಕ್ರಿಕೆಟ್ ಬ್ಯಾಟನ್ನೂ ಒಯ್ದರು. ಬೀರ್‌ಶೇಬಾ, ಡಿಮೋನಾ, ಅಶ್ದೋದ್‌ಗಳ ಒಣ ಮೈದಾನಗಳಲ್ಲಿ ಅಲ್ಲಿನ ಕ್ರಿಕೆಟ್ ಉಳಿದದ್ದು ಬಹುಪಾಲು ಅವರಿಂದಲೇ.

ಆದರೆ ನೆತಾನ್ಯದ ಗೋಡೆಗೆ ನಮ್ಮಲ್ಲಿ ನಿಜವಾದ ಜೋಡಿ ಯಾರು ಎಂದರೆ ನಾನು ಹೇಳುವ ಹೆಸರು ಪಾಲ್ವಣಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಚಮ್ಮಾರ ಕುಟುಂಬ, ತಂದೆ ಸೇನೆಯ ನೌಕರಿಯಲ್ಲಿದ್ದವರು. ಪುಣೆಯಲ್ಲಿ ಬಾಲೂ ಮೊದಲು ಕ್ರಿಕೆಟ್ ಮೈದಾನದ ಕೆಲಸಗಾರ, ಪಿಚ್ ಉರುಳಿಸುವುದು, ನೆಟ್ ಕಟ್ಟುವುದು. ಸಂಬಳ ತಿಂಗಳಿಗೆ ಮೂರು ನಾಲ್ಕು ರೂಪಾಯಿ. ಗ್ರೆಗ್ ಎಂಬ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗೆ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಸೆಯುತ್ತ, ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು. ಬ್ರಿಟಿಷರನ್ನು ಸೋಲಿಸಬೇಕಾದರೆ ಬಾಲೂ ಬೇಕು ಎಂದು ಹಿಂದೂ ತಂಡದವರಿಗೆ ಗೊತ್ತಾಯಿತು, ಸೇರಿಸಿಕೊಂಡರು. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬಳಸಿ ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ಜಾಗ. 1911ರಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸ ಹೋದಾಗ ಎಲ್ಲ ಪಂದ್ಯ ಸೇರಿ ಬಾಲೂ ಕಿತ್ತದ್ದು 114 ವಿಕೆಟ್. ತಂಡ ಹೆಚ್ಚಿನ ಪಂದ್ಯ ಸೋತಿತು. ಇಷ್ಟೆಲ್ಲ ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ದೊಡ್ಡ ಗಲಾಟೆಯಾದ ಮೇಲೆ 1923ರಲ್ಲಿ ನಾಯಕನಾದದ್ದು ಅವರ ತಮ್ಮ ವಿಠಲ್.

ಬಾಲೂವನ್ನು ಮತ್ತೆ ನಮ್ಮ ಮುಂದೆ ನಿಲ್ಲಿಸಿದ್ದು ಮ್ಯೂಸಿಯಂ ಅಲ್ಲ, ರಾಮಚಂದ್ರ ಗುಹಾ 2002ರಲ್ಲಿ ಪ್ರಕಟಿಸಿದ ಕ್ರಿಕೆಟ್ ಇತಿಹಾಸದ ಪುಸ್ತಕ. ಕರ್ನಾಟಕದ ಸ್ಪಿನ್ನರ್‌ಗಳ ಹೆಸರು ಹೇಳು ಎಂದರೆ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಎಂದು ನಾಲಗೆಗೆ ತಾನಾಗಿ ಬರುತ್ತದೆ. ಧಾರವಾಡದಲ್ಲಿ ಹುಟ್ಟಿದ ಬಾಲೂ ಆ ಸಾಲಿಗೆ ಬರುವುದಿಲ್ಲ. ಅವರ ದಾಖಲೆಯ ಮೇಲೆ ಯಾರೂ ಗೆರೆ ಎಳೆಯಲಿಲ್ಲ ನೋಡಿ. ನಮ್ಮ ಕ್ರಮ ಬೇರೆ. ನಾವು ಅಳಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತೇವೆ.

ಹಾಗಂತ ಆಟಗಾರನನ್ನು ಕಲ್ಲಿನಲ್ಲಿ ನೆನೆಯುವುದು ಕನ್ನಡ ನೆಲಕ್ಕೆ ಗೊತ್ತಿಲ್ಲದ್ದೇನಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಗಂಧವಾರಣ ಬಸದಿಯ ಬಳಿ ಒಂದು ಕಂಬವಿದೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೇ ಇಂದ್ರ 982ರಲ್ಲಿ ಅಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಅವನ ನೆನಪಿನ ಶಾಸನ ಅದು. ರಾಜ್ಯ ಕಳೆದುಕೊಂಡು ವ್ರತದಲ್ಲಿ ಸತ್ತವನ ಶಾಸನದಲ್ಲಿ ಧರ್ಮ, ವೈರಾಗ್ಯ ಇರಬೇಕು ತಾನೆ? ಇದೆ. ಅದರ ಜೊತೆಗೆ ಅವನ ಚೆಂಡಾಟದ ವರ್ಣನೆಯೂ ಉದ್ದಕ್ಕೆ ಇದೆ. ಕುದುರೆ ಮೇಲಿನ ಆ ಆಟದಲ್ಲಿ ಚೆಂಡನ್ನು ಒಳಗೆ, ಹೊರಗೆ, ಎಡಕ್ಕೆ, ಬಲಕ್ಕೆ ತಿರುಗಿಸುವ ಚಳಕವನ್ನು ಶಾಸನ ಬರೆದವನು ಇಂದಿನ ಕಾಮೆಂಟೇಟರ್‌ನ ಉತ್ಸಾಹದಲ್ಲಿ ಹೇಳುತ್ತಾನೆ. ಇನ್ನು ವೀರಗಲ್ಲುಗಳಂತೂ ಊರೂರಿಗೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ 10ನೇ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದವರು ನಾವು.

ಕಟ್ಟಡವಿಲ್ಲದೆ ಆಟಗಾರರ ಹೆಸರು ಉಳಿಸಿಕೊಂಡವರು ಕೊಡಗಿನವರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಏರ್ಪಡಿಸಿದರು. ಮೊದಲ ವರ್ಷ 60 ಕುಟುಂಬಗಳು. ವರ್ಷಕ್ಕೊಂದು ಕುಟುಂಬ ಯಜಮಾನಿಕೆ ವಹಿಸಿಕೊಳ್ಳುತ್ತದೆ, ಕಪ್‌ಗೆ ಆ ಮನೆತನದ ಹೆಸರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ ಬಂದ ತಂಡಗಳು 360, ಗಿನ್ನೆಸ್ ದಾಖಲೆಯಾಯಿತು. ಒಂದೇ ಒಕ್ಕದ, ಅಂದರೆ ಮನೆತನದ, ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಕೋಲು ಹಿಡಿದು ನಿಲ್ಲುತ್ತಾರೆ. ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ, ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದವರು, 1988ರ ಸೋಲ್‌ನಲ್ಲಿ ನಾಯಕ. ಇಂಥವರನ್ನು ಅಲ್ಲಿನ ಮಕ್ಕಳು ಗಾಜಿನ ಪೆಟ್ಟಿಗೆಯ ಎದುರು ನಿಂತು ತಿಳಿಯಬೇಕಾಗಿಲ್ಲ, ಮೈದಾನದ ಅಂಚಿನ ಮಾತಿನಲ್ಲೇ ಕೇಳಿಸುತ್ತದೆ. ಸಣ್ಣ ಸಮುದಾಯ, ಒಂದೇ ಆಟ, ಮನೆತನದ ಹೆಸರು ಬಿಡದ ಪದ್ಧತಿ ಮೂರೂ ಸೇರಿದ್ದರಿಂದ ಅದು ಸಾಧ್ಯವಾಯಿತು. ಬೇರೆ ಕಡೆ ಹಾಗೇ ನಕಲು ಮಾಡಿದರೆ ಜಾತಿ ಕಪ್ ಆಗುವ ಅಪಾಯ ಇದ್ದೇ ಇದೆ.

ಇನ್ನು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆಯ ಸುತ್ತಮುತ್ತ ಏನಿದೆ? ಮಳೆ ಕಡಿಮೆ, ಶೇಂಗಾ ಹೊಲ, ಬಂಡೆಗುಡ್ಡ, ಬಳ್ಳಾರಿ ರಸ್ತೆ. ಕಸುವಿಗೇನೂ ಕೊರತೆಯಿಲ್ಲ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳುಕಂಟಿಯಿಂದ ಎತ್ತರದ ಗುಡಿ ಕಟ್ಟುತ್ತಾರೆ. ಯುವಕರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಹತ್ತಿ ತುದಿಯ ಕಳಶ ಕಿತ್ತು ತರುತ್ತಾರೆ. ಅದು ದೇವರ ಕೆಲಸ, ಕ್ರೀಡೆ ಎಂದರೆ ಅವರು ಒಪ್ಪಲಿಕ್ಕಿಲ್ಲ. ಆದರೂ ಆ ಜಿಗಿತ, ಆ ಹಿಡಿತ ನೋಡಿದ ಯಾವ ಕೋಚ್‌ಗಾದರೂ ಕೈ ಕಡಿಯುತ್ತದೆ. ಕಳಶ ತಂದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ. ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಫ್ಲೆಕ್ಸ್‌ನಲ್ಲಿ ಬಹುಮಾನ ಕೊಟ್ಟವರ ಫೋಟೊ ದೊಡ್ಡದು, ಗೆದ್ದವರ ಫೋಟೊ ಇರುವುದೇ ಇಲ್ಲ. ಶೀಲ್ಡುಗಳು ಶಾಲೆಯ ಬೀರುವಿನಲ್ಲಿ ಕಪ್ಪಿಟ್ಟುಕೊಂಡು ಕೂರುತ್ತವೆ, ಡ್ರಿಲ್ ಮೇಷ್ಟ್ರು ವರ್ಗವಾಗಿ ಹೋದರೆ ಯಾವ ಶೀಲ್ಡು ಯಾವ ವರ್ಷದ್ದು ಎಂದು ಹೇಳುವವರೇ ಇಲ್ಲ.

ಹೆಸರು ಬರೆದಿಡುವುದರಲ್ಲಿ ನಮ್ಮ ಮೊಳಕಾಲ್ಮುರು ತಾಲ್ಲೂಕು ದೇಶಕ್ಕೇ ಹಳಬ ಎಂಬುದು ಇಲ್ಲಿನ ತಮಾಷೆ. ಮೊಳಕಾಲ್ಮುರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಚಕ್ರವರ್ತಿಯ ಆಜ್ಞೆಯನ್ನು ಬಂಡೆಯ ಮೇಲೆ ಬರೆದ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದ: ಚಪಡ. ತನ್ನ ಕಸುಬನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದ. ಎರಡು ಸಾವಿರದ ಇನ್ನೂರು ವರ್ಷದ ಮೇಲೂ ಆ ಗುಮಾಸ್ತನ ಹೆಸರು ನಮಗೆ ಗೊತ್ತು. ಹತ್ತು ವರ್ಷದ ಹಿಂದೆ ತಾಲ್ಲೂಕಿಗೆ ಖೊ-ಖೊ ಶೀಲ್ಡು ತಂದ ತಂಡದ ಹನ್ನೆರಡು ಹೆಸರು ಹೇಳಿ ನೋಡೋಣ.

ಸೀಗ್‌ಮನ್ ಮಾಡಿದ ಕೆಲಸದಲ್ಲಿ ನಾನು ಗಮನಿಸಿದ್ದು ಕ್ರಮವನ್ನು. ಮೊದಲು ಹೆಸರುಗಳ ಪಟ್ಟಿ, ಎರಡು ವರ್ಷದ ನಂತರ ಕಟ್ಟಡ. ನಮ್ಮಲ್ಲಿ ಉಲ್ಟಾ. ಮೊದಲು ಭವನಕ್ಕೆ ಗುದ್ದಲಿ ಪೂಜೆ, ಆಮೇಲೆ ಒಳಗೆ ಏನಿಡುವುದು ಎಂಬ ಯೋಚನೆ. ಒಂದು ತಾಲ್ಲೂಕಿನ ಆಟಗಾರರ ಪಟ್ಟಿಗೆ ಭವನ ಬೇಡ, ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಸರಾ ಕ್ರೀಡಾಕೂಟದ ಫಲಿತಾಂಶ, ಪ್ರೌಢಶಾಲೆಗಳ ಹಳೆಯ ಗ್ರೂಪ್ ಫೋಟೊ, ನಿವೃತ್ತ ದೈಹಿಕ ಶಿಕ್ಷಕರ ನೆನಪು, ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಕ್ರೀಡಾ ಕೋಟಾದಲ್ಲಿ ಹೋದವರ ಮನೆಯ ಪ್ರಮಾಣಪತ್ರಗಳು. ಜಾತಿ ಕಾಲಂ ಹಾಕದಿದ್ದರೆ ಒಳ್ಳೆಯದು. ಆದರೆ ಬಾಲೂವಿನಂಥ ಕಥೆ ಸಿಕ್ಕರೆ ಕುಡಿಕೆಯ ಚಹಾವನ್ನೂ ಬರೆಯಬೇಕು, ಬರೀ ವಿಕೆಟ್ ಲೆಕ್ಕ ಬರೆದು ಕೈತೊಳೆದುಕೊಳ್ಳಬಾರದು.

ಪಟ್ಟಿ ಮಾಡಹೊರಟವರಿಗೆ ಮೊದಲು ಎದುರಾಗುವ ಕಷ್ಟ ಹೆಣ್ಣುಮಕ್ಕಳದು. ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಜಿಲ್ಲಾ ಮಟ್ಟದವರೆಗೆ ಖೊ-ಖೊ ಆಡಿದ ಹುಡುಗಿ ಮದುವೆಯಾಗಿ ರಾಯದುರ್ಗಕ್ಕೋ ಕೂಡ್ಲಿಗಿಗೋ ಹೋಗಿರುತ್ತಾಳೆ. ಇನಿಷಿಯಲ್ ಬದಲಾಗಿರುತ್ತದೆ, ಆಡಿದ್ದಳೆಂದು ಗಂಡನ ಮನೆಯವರಿಗೆ ಗೊತ್ತಿರುವುದಿಲ್ಲ. ಅವಳನ್ನು ಯಾವ ಊರಿನ ಆಟಗಾರ್ತಿ ಎಂದು ಬರೆಯುವುದು? ಕೊಡವ ಹಾಕಿಯಲ್ಲಿ ಮದುವೆಯಾದ ಹೆಣ್ಣುಮಗಳು ತವರಿನ ತಂಡಕ್ಕೆ ಬೇಕಾದರೂ ಆಡಬಹುದು, ಗಂಡನ ಮನೆಯ ತಂಡಕ್ಕೆ ಬೇಕಾದರೂ ಆಡಬಹುದು. ನಮ್ಮ ನೋಟ್‌ಬುಕ್ಕಿನಲ್ಲಿ ಎರಡೂ ಊರಿನ ಹೆಸರು ಬರೆಯೋಣ, ಆಡಿದ ವರ್ಷದ ಇನಿಷಿಯಲ್ ಸಮೇತ.